ಪ್ರಯಾಣಕ್ಕೆ ಯಾವ ಇಂಟರ್ನೆಟ್ ಡಬ್ಬಿ? ದುಡ್ಡು ಕೊಡುವ ಮುಂಚೆ ನೋಡಬೇಕಾದ್ದು

ದೂರದ ಪ್ರಯಾಣಕ್ಕೆ ಹೊರಟವರು ನನ್ನನ್ನು ಕೇಳುವ ಪ್ರಶ್ನೆ ಯಾವಾಗಲೂ ಒಂದೇ. "ಯಾವ ಹಾಟ್‌ಸ್ಪಾಟ್ ತಗೊಳ್ಳಲಿ?" ಅಂದರೆ, ಸಿಮ್ ಹಾಕಿದರೆ ಸುತ್ತ ವೈಫೈ ಹರಡುವ ಪುಟ್ಟ ಡಬ್ಬಿ ಯಾವುದು ಅಂತ. ನನ್ನ ಉತ್ತರ ಅವರಿಗೆ ಅಷ್ಟಾಗಿ ಹಿಡಿಸುವುದಿಲ್ಲ. "ಮೊದಲು ನಿಮ್ಮ ಫೋನ್ ತೋರಿಸಿ" ಅನ್ನುತ್ತೇನೆ.

ಹೀಗೆ ಹೇಳುವುದಕ್ಕೆ ಕಾರಣ ಇದೆ. ಕೆಲವು ವರ್ಷಗಳ ಹಿಂದೆ ನಾನೂ ಒಂದು ಪುಟ್ಟ 4ಜಿ ಹಾಟ್‌ಸ್ಪಾಟ್ ಕೊಂಡಿದ್ದೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 300 ಎಂಬಿಪಿಎಸ್ ಅಂತ ಇತ್ತು, ಅದನ್ನು ನೋಡಿಯೇ ಮರುಳಾದೆ. ಯುರೋಪಿನ ಒಂದು ಹಳ್ಳಿಯಲ್ಲಿ ಆನ್ ಮಾಡಿದರೆ ಸಿಗ್ನಲ್ ಒಂದೇ ಕಡ್ಡಿ, ಅದೂ ಬಂದು ಬಂದು ಹೋಗುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಗೆಳೆಯನ ಹಳೇ ಫೋನಿನಲ್ಲಿ ಅದೇ ಕಂಪನಿಯ ಸಿಮ್, ಆದರೆ ನಾಲ್ಕು ಕಡ್ಡಿ! ರಾತ್ರಿಯೆಲ್ಲ ಹುಡುಕಿದ ಮೇಲೆ ವಿಷಯ ಗೊತ್ತಾಯಿತು. ಆ ಹಳ್ಳಿಗೆ ಸಿಗ್ನಲ್ ಬರುತ್ತಿದ್ದದ್ದು 800 ಮೆಗಾಹರ್ಟ್ಸ್ ಅಲೆಯಲ್ಲಿ. ನನ್ನ ಡಬ್ಬಿಗೆ ಆ ಅಲೆ ಕೇಳಿಸುವ ಕಿವಿಯೇ ಇರಲಿಲ್ಲ.

ಅವತ್ತಿನಿಂದ ನಾನು ವೇಗದ ಅಂಕಿಯನ್ನು ಕೊನೆಗೆ ನೋಡುತ್ತೇನೆ. ಯಾವುದನ್ನು ಮೊದಲು ನೋಡಬೇಕು ಅಂತ ಒಂದೊಂದಾಗಿ ಹೇಳುತ್ತೇನೆ.

ಹೆಜ್ಜೆ 1: ಒಂದು ಹಾಳೆ, ಒಂದು ಲೆಕ್ಕ

ಎಷ್ಟು ಜನ, ಎಷ್ಟು ದಿನ, ದಿನಕ್ಕೆ ಏನೇನು ಕೆಲಸ ಅಂತ ಬರೆದುಕೊಳ್ಳಿ. ಮ್ಯಾಪ್, ಮೆಸೇಜ್, ಇಮೇಲ್ ಇಷ್ಟೇ ಆದರೆ ಒಬ್ಬರಿಗೆ ದಿನಕ್ಕೆ ಅರ್ಧ ಜಿಬಿ ಧಾರಾಳ. ವಿಡಿಯೊ ಕಾಲ್ ಬಂದರೆ ಲೆಕ್ಕವೇ ಬೇರೆ. ಸಾಧಾರಣ ಎಚ್‌ಡಿ ಕಾಲ್‌ಗೆ ಹೋಗುವುದಕ್ಕೂ ಬರುವುದಕ್ಕೂ ತಲಾ 1.2 ಎಂಬಿಪಿಎಸ್ ಹತ್ತಿರ ಬೇಕು. ಅಂದರೆ ಗಂಟೆಗೆ ಸುಮಾರು 1 ಜಿಬಿ. ಕ್ಯಾಮೆರಾ ಆಫ್ ಮಾಡಿ ಬರೀ ಮಾತಾಡಿದರೆ ಅದೇ ಒಂದು ಗಂಟೆ 100 ಎಂಬಿ ಆಸುಪಾಸಿನಲ್ಲಿ ಮುಗಿಯುತ್ತದೆ. ಎಚ್‌ಡಿ ಸಿನಿಮಾ ಗಂಟೆಗೆ 3 ಜಿಬಿವರೆಗೂ ನುಂಗುತ್ತದೆ, 4ಕೆ ಆದರೆ 7 ಜಿಬಿವರೆಗೆ.

ಹಾಗಾಗಿ ದಿನಕ್ಕೆ ಎರಡು ಗಂಟೆ ಮೀಟಿಂಗ್ ಇರುವವರಿಗೆ ವಾರಕ್ಕೆ, ಐದು ದಿನದ ಕೆಲಸಕ್ಕೆ, ಬರೀ ಮೀಟಿಂಗಿಗೇ 10 ಜಿಬಿ ಹೋಗುತ್ತದೆ. ಸಿನಿಮಾಗಳನ್ನು ಹೊರಡುವ ಮುಂಚೆ ಮನೆಯ ವೈಫೈನಲ್ಲೇ ಇಳಿಸಿಕೊಂಡರೆ ಅರ್ಧ ತಲೆನೋವು ಅಲ್ಲೇ ಮುಗಿಯಿತು. ಮ್ಯಾಪ್‌ಗೂ ಇದೇ ಮಾತು. ಹೋಗುವ ಜಾಗದ ನಕ್ಷೆ ಆಫ್‌ಲೈನ್ ಇಳಿಸಿಟ್ಟುಕೊಳ್ಳಿ. ಸಿಗ್ನಲ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ.

ಹೆಜ್ಜೆ 2: ಕೈಯಲ್ಲಿರುವ ಫೋನನ್ನೇ ಪರೀಕ್ಷೆಗೆ ಕೂರಿಸಿ

ಒಂದು ರಜೆಯ ದಿನ ಮನೆಯ ವೈಫೈ ಆಫ್ ಮಾಡಿ. ಬೆಳಗ್ಗೆಯಿಂದ ಸಂಜೆವರೆಗೂ ಲ್ಯಾಪ್‌ಟಾಪ್, ಟ್ಯಾಬ್ಲೆಟ್, ಮಕ್ಕಳ ಫೋನ್ ಎಲ್ಲಾ ನಿಮ್ಮ ಫೋನಿನ ಹಾಟ್‌ಸ್ಪಾಟ್ ಮೇಲೇ ನಡೆಯಲಿ. ಆ ಒಂದು ದಿನ ಹತ್ತು ವಿಮರ್ಶೆ ಓದಿದರೂ ತಿಳಿಯದ್ದನ್ನು ತಿಳಿಸುತ್ತದೆ. ಬ್ಯಾಟರಿ ಎಷ್ಟು ಹೊತ್ತಿಗೆ ಮುಗಿಯಿತು? ಫೋನ್ ಎಷ್ಟು ಬಿಸಿಯಾಯಿತು? ನೀವು ಫೋನ್ ಎತ್ತಿಕೊಂಡು ಹೊರಗೆ ಹೋದಾಗ ಮನೆಯಲ್ಲಿ ಯಾರು ಕೂಗಿದರು?

ಈ ಪರೀಕ್ಷೆಯಲ್ಲಿ ಫೋನ್ ಸೋತರೂ ತಕ್ಷಣ ಕೈಬಿಡಬೇಡಿ. ಒಂದೇ ಲ್ಯಾಪ್‌ಟಾಪ್ ಆದರೆ ವೈಫೈ ಬಿಟ್ಟು ಯುಎಸ್‌ಬಿ ಕೇಬಲ್ ಹಾಕಿ, ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಅದೇ ಕೇಬಲ್‌ನಲ್ಲಿ ನೆಟ್ ಈ ಕಡೆ, ಚಾರ್ಜ್ ಆ ಕಡೆ ಹರಿಯುತ್ತದೆ. ವೈಫೈ ರೇಡಿಯೊಗೆ ವಿಶ್ರಾಂತಿ ಸಿಗುವುದರಿಂದ ಆ ಮಟ್ಟಿಗೆ ಬಿಸಿಯೂ ಕಡಿಮೆ. ಎಷ್ಟೋ ಜನ ಈ ಸೆಟ್ಟಿಂಗನ್ನು ಒಮ್ಮೆಯೂ ಮುಟ್ಟಿರುವುದಿಲ್ಲ.

ನಿಮ್ಮ ಪ್ಲಾನ್ ಹಾಟ್‌ಸ್ಪಾಟಿಗೆ ಬಿಡುತ್ತದಾ ಅಂತಲೂ ನೋಡಿ. "ಅನ್‌ಲಿಮಿಟೆಡ್" ಅಂತ ಮಾರುವ ಕೆಲವು ಪ್ಲಾನ್‌ಗಳಲ್ಲಿ ಫೋನಿಗೆ ಮಿತಿ ಇಲ್ಲ, ಹಾಟ್‌ಸ್ಪಾಟಿಗೆ ಮಾತ್ರ ಪ್ರತ್ಯೇಕ ಮಿತಿ. ಇದು ಸಣ್ಣ ಅಕ್ಷರದಲ್ಲಿ ಇರುತ್ತದೆ.

ಹಾಗಾದರೆ ಬೇರೆ ಡಬ್ಬಿ ಯಾರಿಗೆ ಬೇಕು? ಇಡೀ ದಿನ ನೆಟ್ ಮೇಲೇ ಕೆಲಸ ಮಾಡುವವರಿಗೆ. ಮೂರು ನಾಲ್ಕು ಜನ ಒಟ್ಟಿಗಿದ್ದು ಬೇರೆ ಬೇರೆ ಹೊತ್ತಿಗೆ ಹೊರಗೆ ಹೋಗುವವರಿಗೆ. ಇ-ಸಿಮ್ಮೂ (ಪ್ಲಾಸ್ಟಿಕ್ ಕಾರ್ಡ್ ಇಲ್ಲದೆ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್) ಇಲ್ಲದ, ಎರಡನೇ ಸಿಮ್ಮಿಗೂ ಜಾಗವಿಲ್ಲದ ಫೋನ್ ಇಟ್ಟುಕೊಂಡು, ಬ್ಯಾಂಕ್ ಒಟಿಪಿಗಾಗಿ ಮನೆಯ ಸಿಮ್ ತೆಗೆಯಲು ಆಗದವರಿಗೆ. ಇವುಗಳಲ್ಲಿ ಒಂದೂ ನಿಮ್ಮ ಕಥೆಯಲ್ಲ ಅಂದರೆ ಸುಮ್ನೆ ದುಡ್ಡು ಹಾಕಬೇಡಿ. ಒಂದು ಒಳ್ಳೆ ಪವರ್ ಬ್ಯಾಂಕ್ ಕೊಂಡು ಐದನೇ ಹೆಜ್ಜೆಗೆ ಹಾರಿ.

ಹೆಜ್ಜೆ 3: ಯಾವ ಜಾತಿಯ ಡಬ್ಬಿ?

ಅಂಗಡಿಯಲ್ಲಿ ಎಲ್ಲವನ್ನೂ "ಪೋರ್ಟಬಲ್ ವೈಫೈ" ಅಂತಲೇ ಮಾರುತ್ತಾರೆ. ಒಳಗೆ ಜಾತಿ ಬೇರೆ ಬೇರೆ.

ಒಂದು, ಬ್ಯಾಟರಿ ಇರುವ ಹಾಟ್‌ಸ್ಪಾಟ್. ಸಿಮ್ ಹಾಕಿದರೆ ಸುತ್ತ ವೈಫೈ ಹರಡುತ್ತದೆ. ಇದನ್ನು ಜನ ಮೈಫೈ ಅನ್ನುತ್ತಾರೆ. ಅಸಲಿಗೆ ಅದು ನೊವಾಟೆಲ್ ವೈರ್‌ಲೆಸ್ ಕಂಪನಿ 2009ರಲ್ಲಿ ತಂದ ಸಾಧನದ ಹೆಸರು, ಆಮೇಲೆ ಎಲ್ಲಾ ಕಂಪನಿಯ ಡಬ್ಬಿಗೂ ಅದೇ ಹೆಸರು ಅಂಟಿಕೊಂಡಿತು. ಪ್ರಯಾಣಿಕರಲ್ಲಿ ಹೆಚ್ಚಿನವರಿಗೆ ಬೇಕಾಗುವುದು ಇದೇ.

ಎರಡು, ಟ್ರಾವೆಲ್ ರೌಟರ್. ಇದರಲ್ಲಿ ಸಾಮಾನ್ಯವಾಗಿ ಸಿಮ್ಮೂ ಇರುವುದಿಲ್ಲ, ಬ್ಯಾಟರಿಯೂ ಇರುವುದಿಲ್ಲ. ತಂಗುವ ಜಾಗದ ವೈಫೈ ಅಥವಾ ಗೋಡೆಯ ಕೇಬಲ್ ಹಿಡಿದು, ಅದನ್ನು ನಿಮ್ಮದೇ ಹೆಸರು, ನಿಮ್ಮದೇ ಪಾಸ್‌ವರ್ಡ್ ಇರುವ ವೈಫೈ ಆಗಿ ಹಂಚುತ್ತದೆ. ಹೋಟೆಲಿನಲ್ಲಿ ರೂಮ್ ನಂಬರ್ ಕೇಳುವ ಪುಟ ಬರುತ್ತದಲ್ಲ, ಅಲ್ಲಿ ಒಮ್ಮೆ ಲಾಗಿನ್ ಆದರೆ ಹಿಂದಿರುವ ಅಷ್ಟೂ ಸಾಧನಗಳಿಗೆ ದಾರಿ ಸಿಗುತ್ತದೆ. "ಎರಡೇ ಸಾಧನ" ಅನ್ನುವ ನಿಯಮವೂ ಸಾಮಾನ್ಯವಾಗಿ ಕಾಟ ಕೊಡುವುದಿಲ್ಲ, ಹೊರಗಿನಿಂದ ಕಾಣುವುದು ರೌಟರ್ ಒಂದೇ ಅಲ್ವಾ? ಒಂದೇ ಕಡೆ ತುಂಬಾ ದಿನ ಇರುವವರು, ನೋಡುವುದಕ್ಕೆ ಏನೂ ಅಲ್ಲದ ಈ ಸಣ್ಣ ಪೆಟ್ಟಿಗೆಯನ್ನು ಒಮ್ಮೆ ಬಳಸಿದರೆ ಬಿಡುವುದಿಲ್ಲ. ಅಂದಹಾಗೆ, ಹಿಡಿದ ವೈಫೈಯನ್ನೇ ಮರಳಿ ಹಂಚುವ ಕೆಲಸವನ್ನು ಹಲವು ಆಂಡ್ರಾಯ್ಡ್ ಫೋನ್‌ಗಳೂ ಮಾಡುತ್ತವೆ. ಐಫೋನ್ ಹಂಚುವುದು ತನ್ನ ಮೊಬೈಲ್ ಡೇಟಾವನ್ನು ಮಾತ್ರ.

ಮೂರು, ಯುಎಸ್‌ಬಿ ಡಾಂಗಲ್. ಸಿಮ್ ಹಾಕಿ ಲ್ಯಾಪ್‌ಟಾಪಿಗೆ ಸಿಕ್ಕಿಸುವ ಪುಟ್ಟ ಸಾಧನ. ಲ್ಯಾಪ್‌ಟಾಪ್ ಒಂದಕ್ಕೇ ಆದರೆ ಸಾಕು. ಬ್ಯಾಟರಿ ಚಿಂತೆ ಇಲ್ಲ, ಆದರೆ ಲ್ಯಾಪ್‌ಟಾಪಿನ ಬ್ಯಾಟರಿಯನ್ನೇ ಹೀರುತ್ತದೆ.

ನಾಲ್ಕು, ಉಪಗ್ರಹ. ಟವರ್ ಇಲ್ಲದ ಕಾಡು, ಮರುಭೂಮಿ, ಸಮುದ್ರಕ್ಕೆ ಹೋಗುವವರಿಗೆ ಮಾತ್ರ. 2024ರಲ್ಲಿ ಬಂದ ಸ್ಟಾರ್‌ಲಿಂಕ್ ಮಿನಿ ಅನ್ನುವ ಉಪಗ್ರಹ ಡಿಶ್ ಬೆನ್ನುಚೀಲದಲ್ಲಿ ಕೂರುವಷ್ಟು ಚಿಕ್ಕದು, ತೂಕ ಸುಮಾರು 1.1 ಕಿಲೊ. ಆದರೆ 25ರಿಂದ 40 ವ್ಯಾಟ್ ಕರೆಂಟ್ ಬೇಕು, ತಲೆಯ ಮೇಲೆ ಮರ ಕಟ್ಟಡ ಇಲ್ಲದ ಆಕಾಶ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹೋಗುವ ದೇಶದಲ್ಲಿ ಅದಕ್ಕೆ ಅನುಮತಿ ಇರಬೇಕು. ಉಪಗ್ರಹ ಸಾಧನವನ್ನು ಲೈಸೆನ್ಸ್ ಇಲ್ಲದೆ ಒಳಗೆ ತಂದರೆ ಹಿಡಿದು ಕೂರಿಸುವ ದೇಶಗಳಿವೆ. ಇದನ್ನು ತಮಾಷೆ ಅಂದುಕೊಳ್ಳಬೇಡಿ.

ಹೆಜ್ಜೆ 4: ಬ್ಯಾಂಡ್ ನೋಡಿ. ಮತ್ತೊಮ್ಮೆ ನೋಡಿ.

ನನ್ನ ಹಳ್ಳಿಯ ಕಥೆ ಈಗ ಬಂತು. 4ಜಿ ಅನ್ನುವುದು ಒಂದೇ ಅಲೆಯಲ್ಲಿ ಹರಿಯುವುದಿಲ್ಲ. ಒಂದೊಂದು ದೇಶದಲ್ಲಿ ಒಂದೊಂದು ಕಂಪನಿಗೆ ಬೇರೆ ಬೇರೆ ಫ್ರೀಕ್ವೆನ್ಸಿ ಸಿಕ್ಕಿದೆ. ಪ್ರತಿಯೊಂದಕ್ಕೂ ಒಂದು ನಂಬರ್ ಇದೆ, ಅದೇ ಬ್ಯಾಂಡ್. ನಿಮ್ಮ ಸಾಧನದಲ್ಲಿ ಆ ಬ್ಯಾಂಡ್ ಇಲ್ಲದಿದ್ದರೆ ಟವರ್ ಎದುರಿಗೇ ಇದ್ದರೂ ಪ್ರಯೋಜನವಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ಫ್ರೀಕ್ವೆನ್ಸಿ, ಅಂದರೆ ಮೆಗಾಹರ್ಟ್ಸ್ ಅಂಕಿ, ಕಡಿಮೆಯಾದಷ್ಟೂ ಸಿಗ್ನಲ್ ದೂರ ಹೋಗುತ್ತದೆ, ಗೋಡೆ ದಾಟುತ್ತದೆ. ಜಾಸ್ತಿಯಾದಷ್ಟೂ ಹೆಚ್ಚು ಡೇಟಾ ಹೊರುತ್ತದೆ, ಆದರೆ ಬೇಗ ಸುಸ್ತಾಗುತ್ತದೆ. ಪಟ್ಟಣದ ನಡುವೆ 1800 ಮೆಗಾಹರ್ಟ್ಸ್‌ನ ಬ್ಯಾಂಡ್ 3, 2600ರ ಬ್ಯಾಂಡ್ 7 ಇದ್ದರೆ ಹಲವು ದೇಶಗಳಲ್ಲಿ ಕೆಲಸ ಆಗುತ್ತದೆ. ಊರಾಚೆ ಹೋದ ಕೂಡಲೇ ಕೈ ಹಿಡಿಯುವುದು ಕೆಳಗಿನ ಅಲೆಗಳು. ಯುರೋಪಿನಲ್ಲಿ 800ರ ಬ್ಯಾಂಡ್ 20. ಆಸ್ಟ್ರೇಲಿಯಾ, ಲ್ಯಾಟಿನ್ ಅಮೆರಿಕದಲ್ಲಿ 700ರ ಬ್ಯಾಂಡ್ 28. ಅಮೆರಿಕದಲ್ಲಿ ಕಂಪನಿಗೆ ತಕ್ಕಂತೆ 12, 13 ಅಥವಾ 71. ಜಪಾನಿನಲ್ಲಿ 18 ಮತ್ತು 19. ಅಗ್ಗದ ಡಬ್ಬಿಗಳಲ್ಲಿ ಕೈಬಿಟ್ಟಿರುವುದೂ ಹೆಚ್ಚಾಗಿ ಈ ಕೆಳಗಿನ ಬ್ಯಾಂಡ್‌ಗಳನ್ನೇ.

ಪರೀಕ್ಷಿಸುವ ಕ್ರಮ ಹೀಗೆ. ಮೊದಲು ಸಾಧನದ ಪೂರ್ತಿ ಮಾಡೆಲ್ ನಂಬರ್ ಬರೆದುಕೊಳ್ಳಿ. ಬರೀ ಹೆಸರು ಸಾಲದು. ಒಂದೇ ಹೆಸರಿನ ಸಾಧನ ಯುರೋಪಿಗೆ ಒಂದು, ಅಮೆರಿಕಕ್ಕೆ ಒಂದು ಅಂತ ಬೇರೆ ಬೇರೆ ಬ್ಯಾಂಡ್‌ಗಳೊಂದಿಗೆ ಬರುತ್ತದೆ, ಕೊನೆಯ ಒಂದೆರಡು ಅಕ್ಷರದಲ್ಲಿ ಮಾತ್ರ ವ್ಯತ್ಯಾಸ. ಆ ನಂಬರ್ ಹಾಕಿ ತಯಾರಕರ ಪುಟದಲ್ಲೇ ಬ್ಯಾಂಡ್ ಪಟ್ಟಿ ತೆಗೆಯಿರಿ, ಮಾರುವವರ ಪುಟ ನಂಬಬೇಡಿ. ಆಮೇಲೆ ಹೋಗುವ ದೇಶದ ದೊಡ್ಡ ಎರಡು ಮೂರು ಕಂಪನಿಗಳು ಬಳಸುವ ಬ್ಯಾಂಡ್ ಹುಡುಕಿ. ಎರಡು ಪಟ್ಟಿ ಪಕ್ಕಪಕ್ಕ ಇಟ್ಟು ಕಡಿಮೆ ಫ್ರೀಕ್ವೆನ್ಸಿಯಿಂದ ಶುರು ಮಾಡಿ ಹೋಲಿಸಿ. ಅಲ್ಲೇ ಹೊಂದದಿದ್ದರೆ ಮುಂದೆ ನೋಡುವ ಕೆಲಸವೇ ಇಲ್ಲ.

5ಜಿ ಬೇಕಾ? ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಪ್ರಯಾಣ ನಿಲ್ಲುವುದಿಲ್ಲ. ಬೇಕು ಅನ್ನುವವರು ಎನ್78 ಅನ್ನುವ 5ಜಿ ಬ್ಯಾಂಡ್ ಇದೆಯಾ ನೋಡಿ, ಬಹಳ ದೇಶಗಳಲ್ಲಿ ಅದೇ ಮುಖ್ಯ. ಅಮೆರಿಕಕ್ಕಾದರೆ ಎನ್41, ಎನ್71, ಎನ್77. ಮನೆಯ ಕಪಾಟಿನಲ್ಲಿ ಬಿದ್ದಿರುವ ಹಳೇ 3ಜಿ ಡಬ್ಬಿಯನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲೇ 3ಜಿ ಮುಚ್ಚಿದವು, ಆಸ್ಟ್ರೇಲಿಯಾದಲ್ಲಿ 2024ರಲ್ಲಿ ಮುಗಿಯಿತು.

ಹೆಜ್ಜೆ 5: ಲಾಕ್, ಸಿಮ್, ಇ-ಸಿಮ್

ಸಾಧನ ಅನ್‌ಲಾಕ್ ಆಗಿರಬೇಕು. ಒಂದು ಕಂಪನಿ ರಿಯಾಯಿತಿಯಲ್ಲಿ ಕೊಟ್ಟ ಡಬ್ಬಿ ಬೇರೆಯವರ ಸಿಮ್ಮನ್ನು ಒಪ್ಪದೇ ಇರಬಹುದು. ಇದನ್ನು ತಿಳಿಯುವ ಸುಲಭ ದಾರಿ: ಬೇರೆ ಕಂಪನಿಯ ಸಿಮ್ ಇರುವ ಗೆಳೆಯರಿಂದ ಎರಡು ನಿಮಿಷ ಸಿಮ್ ಎರವಲು ತಂದು ಹಾಕಿ ನೋಡುವುದು.

ನಿಮ್ಮ ಫೋನಿನಲ್ಲಿ ಇ-ಸಿಮ್ ಇದೆಯಾ ಅಂತ ತಿಳಿಯಲು *#06# ಒತ್ತಿ. ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಜೊತೆ ಇಐಡಿ ಅಂತ 32 ಅಂಕಿಯ ಸಾಲು ಕಂಡರೆ ಇದೆ. ಪ್ರಯಾಣದ ಇ-ಸಿಮ್‌ಗಳಲ್ಲಿ ಹೆಚ್ಚಿನವು ಬರೀ ಡೇಟಾ ಕೊಡುತ್ತವೆ, ಫೋನ್ ನಂಬರ್ ಕೊಡುವುದಿಲ್ಲ. ಅದರಿಂದ ತೊಂದರೆಯೇನೂ ಇಲ್ಲ. ಮನೆಯ ಸಿಮ್ಮನ್ನು ಎಸ್‌ಎಂಎಸ್‌ಗಾಗಿ ಆನ್ ಇಟ್ಟು, ಅದರ ಡೇಟಾ ರೋಮಿಂಗ್ ಆಫ್ ಮಾಡಿ. ಮೊಬೈಲ್ ಡೇಟಾಗೆ ಇ-ಸಿಮ್ ಆರಿಸಿ. ಒಟಿಪಿ ಮನೆಯ ಸಿಮ್ಮಿಗೆ ಬರುತ್ತದೆ, ನೆಟ್ ಇ-ಸಿಮ್ಮಿನಿಂದ. ಮನೆಯ ಸಿಮ್ಮಿಗೆ ರೋಮಿಂಗ್ ಸೇವೆ ಚಾಲೂ ಇದೆಯಾ ಅಂತ ಮಾತ್ರ ಹೊರಡುವ ಮುಂಚೆ ಖಚಿತ ಮಾಡಿಕೊಳ್ಳಿ.

ಇ-ಸಿಮ್ ಹಾಕಿಕೊಳ್ಳುವುದಕ್ಕೇ ನೆಟ್ ಬೇಕು. ಇಳಿದ ಮೇಲೆ ಹಾಕೋಣ ಅಂದುಕೊಂಡರೆ ವಿಮಾನ ನಿಲ್ದಾಣದ ವೈಫೈಗೆ ಒಟಿಪಿ, ಒಟಿಪಿಗೆ ಸಿಗ್ನಲ್, ಸಿಗ್ನಲ್‌ಗೆ ಇ-ಸಿಮ್ ಅಂತ ಸುತ್ತುತ್ತಲೇ ಇರುತ್ತೀರಿ. ಮನೆಯಲ್ಲೇ ಹಾಕಿಕೊಳ್ಳಿ. ಒಮ್ಮೆ ಹಾಕಿದ್ದನ್ನು ಪ್ರಯಾಣ ಮುಗಿಯುವವರೆಗೂ ಡಿಲೀಟ್ ಮಾಡಬೇಡಿ. ಎಷ್ಟೋ ಕ್ಯೂಆರ್ ಕೋಡ್‌ಗಳು ಒಂದೇ ಸಲಕ್ಕೆ.

ಹಾಟ್‌ಸ್ಪಾಟ್‌ಗಳಲ್ಲಿ ಹೆಚ್ಚಿನವಕ್ಕೆ ಇನ್ನೂ ಪ್ಲಾಸ್ಟಿಕ್ ಸಿಮ್ಮೇ ಬೇಕು. ಇ-ಸಿಮ್ ತುಂಬಿಸಿಕೊಳ್ಳಬಹುದಾದ ಪ್ಲಾಸ್ಟಿಕ್ ಕಾರ್ಡ್‌ಗಳೂ ಬಂದಿವೆ, ಫೋನಿನಲ್ಲಿ ತುಂಬಿಸಿ ಡಬ್ಬಿಗೆ ಹಾಕಬಹುದು. ಇನ್ನು ಕೆಲವು ಡಬ್ಬಿಗಳು ಸಿಮ್ಮೇ ಬೇಡ, ನೂರಾರು ದೇಶದಲ್ಲಿ ನಡೆಯುತ್ತೇವೆ ಅನ್ನುತ್ತವೆ. ಅವು ಕಂಪನಿಯ ಸರ್ವರ್‌ನಿಂದ ಸಿಮ್ಮಿನ ಗುರುತನ್ನು ಇಳಿಸಿಕೊಂಡು ಓಡುತ್ತವೆ. ಎರಡು ದಿನಕ್ಕೊಂದು ದೇಶ ದಾಟುವವರಿಗೆ ಚೆನ್ನ. ಒಂದೇ ದೇಶದಲ್ಲಿ ತಿಂಗಳು ಇರುವವರಿಗೆ ಅಲ್ಲಿನ ಸಿಮ್ ಸಾಮಾನ್ಯವಾಗಿ ಅಗ್ಗ, ಚುರುಕು ಕೂಡ. ರೋಮಿಂಗ್‌ನಲ್ಲಿ ನಿಮ್ಮ ಡೇಟಾ ಹೆಚ್ಚಾಗಿ ಸಿಮ್ಮಿನ ತವರು ದೇಶಕ್ಕೆ ಹೋಗಿ, ಅಲ್ಲಿಂದ ಇಂಟರ್ನೆಟ್ಟಿಗೆ ಇಳಿಯುತ್ತದೆ. ಕಡ್ಡಿ ಪೂರ್ತಿ ಇದ್ದೂ ಮಾತು ತಡವಾಗಿ ಕೇಳಿಸುವುದು ಅದಕ್ಕೇ.

ತುಂಬಾ ದಿನ ಇರುವವರು ಸಾಧನದ ನೋಂದಣಿ ನಿಯಮ ಇದೆಯಾ ನೋಡಿ. ಟರ್ಕಿಯಲ್ಲಿ ಹೊರಗಿನಿಂದ ತಂದ ಫೋನಿಗೆ ಅಲ್ಲಿನ ಸಿಮ್ ಹಾಕಿ 120 ದಿನ ಮೀರಿದರೆ, ನೋಂದಣಿ ಮಾಡಿಸದ ಫೋನ್ ನೆಟ್‌ವರ್ಕಿನಿಂದ ಹೊರಗೆ.

ಹೆಜ್ಜೆ 6: ಬ್ಯಾಟರಿ

"12 ಗಂಟೆ" ಅಂತ ಬರೆದಿದ್ದರೆ ಎಂಟು ಅಂದುಕೊಳ್ಳಿ. ಸಿಗ್ನಲ್ ಕಡಿಮೆ ಇರುವ ಕಡೆ ಸಾಧನ ಜೋರಾಗಿ ಕೂಗಿ ಟವರ್ ಜೊತೆ ಮಾತಾಡಬೇಕು, ಹಾಗಾಗಿ ಇನ್ನೂ ಬೇಗ ಬರಿದಾಗುತ್ತದೆ.

ಬ್ಯಾಟರಿ ಬಿಚ್ಚಲು ಬರುವ ಮಾಡೆಲ್ ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ. ಚಾರ್ಜರ್‌ಗೆ ಹಾಕಿ ತಿಂಗಳುಗಟ್ಟಲೆ ಬಿಟ್ಟ ಹಾಟ್‌ಸ್ಪಾಟ್‌ಗಳ ಬ್ಯಾಟರಿ ದಿಂಬಿನ ಹಾಗೆ ಊದಿಕೊಂಡಿದ್ದನ್ನು ನೋಡಿದ್ದೇನೆ. ಕೆಲವು ಮಾಡೆಲ್‌ಗಳು ಬ್ಯಾಟರಿ ತೆಗೆದು ಬರೀ ಕೇಬಲ್ ಮೇಲೂ ಓಡುತ್ತವೆ. ಮೇಜಿನ ಮೇಲೇ ಇಟ್ಟು ಬಳಸುವವರಿಗೆ ಅದು ದೊಡ್ಡ ಅನುಕೂಲ.

ಪವರ್ ಬ್ಯಾಂಕ್ ಕೊಳ್ಳುವಾಗ ಎಂಎಎಚ್ ಅಂಕಿಗೆ ಮರುಳಾಗಬೇಡಿ. ವಿಮಾನದ ನಿಯಮ ಇರುವುದು ವ್ಯಾಟ್-ಅವರ್‌ನಲ್ಲಿ. ಎಂಎಎಚ್ ಅನ್ನು 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಅದು ಸಿಗುತ್ತದೆ. 20,000 ಎಂಎಎಚ್ ಅಂದರೆ 74. ಸಾಮಾನ್ಯ ಮಿತಿ 100, ಅಂದರೆ ಸುಮಾರು 27,000 ಎಂಎಎಚ್. ಅದಕ್ಕಿಂತ ಮೇಲೆ 160ರವರೆಗೆ ವಿಮಾನ ಕಂಪನಿಯ ಅನುಮತಿ ಬೇಕು. ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಒಯ್ಯಬೇಕು, ಚೆಕ್-ಇನ್ ಬ್ಯಾಗಿನಲ್ಲಿ ಹಾಕುವಂತಿಲ್ಲ. ಅಂಕಿ ಅಳಿಸಿಹೋದ ಹಳೇ ಪವರ್ ಬ್ಯಾಂಕನ್ನು ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳುವುದೂ ಉಂಟು.

ಹೆಜ್ಜೆ 7: ಕೊನೆಗೂ ವೇಗ

ಬೇಗ ಮುಗಿಸುತ್ತೇನೆ. ಸ್ಪೆಕ್ ಪಟ್ಟಿಯಲ್ಲಿ ಕ್ಯಾಟ್ 4 (4ಜಿ ವೇಗದ ದರ್ಜೆ) ಅಂತ ಇದ್ದರೆ ಕಾಗದದ ಮೇಲೆ 150 ಎಂಬಿಪಿಎಸ್, ಕ್ಯಾಟ್ 6 ಅಂದರೆ 300. ಕ್ಯಾಟ್ 6ರ ನಿಜವಾದ ಲಾಭ ಎರಡು ಅಲೆಗಳನ್ನು ಒಟ್ಟಿಗೆ ಹಿಡಿಯುವುದು, ಜನಜಂಗುಳಿಯಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ವೈಫೈ 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಇರಲಿ. ಅಕ್ಕಪಕ್ಕ ಹತ್ತಾರು ವೈಫೈ ಇರುವ ಕಟ್ಟಡದಲ್ಲಿ 2.4 ಸಂತೆಯ ಗದ್ದಲ, 5ಕ್ಕೆ ಹೋದರೆ ನೆಮ್ಮದಿ. ಹೊರಗಿನ ಆಂಟೆನಾ ಸಿಕ್ಕಿಸುವ ತೂತು ಇದ್ದರೆ ಹಳ್ಳಿಗಾಡಿಗೆ ಹೋಗುವವರಿಗೆ ಅನುಕೂಲ, ಉಳಿದವರಿಗೆ ಬೇಕಿಲ್ಲ.

ಹೆಜ್ಜೆ 8: ಹೊರಡುವ ಹಿಂದಿನ ವಾರ

ಡಬ್ಬಿಯನ್ನು ಹೊಚ್ಚ ಹೊಸದಾಗಿ ಸೀಲ್ ಸಮೇತ ಒಯ್ಯಬೇಡಿ. ಮನೆಯಲ್ಲೇ ಸಿಮ್ ಹಾಕಿ ಎರಡು ದಿನ ಓಡಿಸಿ. ಅಪ್‌ಡೇಟ್ ಇದ್ದರೆ ಹಾಕಿ. ವೈಫೈ ಪಾಸ್‌ವರ್ಡ್ ಬದಲಾಯಿಸಿ. ಅದರ ಜೊತೆ ಡಬ್ಬಿಯ ಸೆಟ್ಟಿಂಗ್ಸ್ ಪುಟದ ಪಾಸ್‌ವರ್ಡನ್ನೂ ಬದಲಾಯಿಸಿ, ಈ ಎರಡನೆಯದನ್ನು ಎಲ್ಲರೂ ಮರೆಯುತ್ತಾರೆ. ಸುರಕ್ಷತೆಯಲ್ಲಿ ಡಬ್ಲ್ಯುಪಿಎ3 (ವೈಫೈಗೆ ಬೀಗ ಹಾಕುವ ಹೊಸ ಬಗೆ) ಇದ್ದರೆ ಅದು, ಹಳೇ ಸಾಧನ ತಕರಾರು ಮಾಡಿದರೆ ಡಬ್ಲ್ಯುಪಿಎ2.

ಸಿಮ್ಮಿನ ಎಪಿಎನ್ (ಕಂಪನಿಯ ನೆಟ್ಟಿಗೆ ಸೇರಲು ಸೆಟ್ಟಿಂಗ್ಸ್‌ನಲ್ಲಿ ತುಂಬುವ ಹೆಸರು) ಬರೆದಿಟ್ಟುಕೊಳ್ಳಿ. ಸಿಗ್ನಲ್ ಇದ್ದೂ ನೆಟ್ ಬರುತ್ತಿಲ್ಲ ಅಂದರೆ ಹತ್ತರಲ್ಲಿ ಏಳು ಸಲ ತಪ್ಪು ಅಲ್ಲೇ ಇರುತ್ತದೆ ಅನ್ನುವುದು ನನ್ನ ಅನುಭವ. ಇನ್ನೊಂದು ಕಡೆ ಸಿಕ್ಕಿಕೊಳ್ಳುವುದು ಡೇಟಾ ರೋಮಿಂಗ್ ಬಟನ್. ಹೊರಗಿನ ಸಿಮ್ ಹಾಕಿದಾಗ ಡಬ್ಬಿಯ ಒಳಗೂ ಅದನ್ನು ಆನ್ ಮಾಡಬೇಕು.

ಲ್ಯಾಪ್‌ಟಾಪಿನಲ್ಲಿ ಈ ವೈಫೈಯನ್ನು "ಮೀಟರ್ಡ್", ಅಂದರೆ ಡೇಟಾ ಮಿತಿ ಇರುವ ನೆಟ್, ಅಂತ ಗುರುತು ಮಾಡಿ. ಆ್ಯಪಲ್ ಸಾಧನಗಳಲ್ಲಿ ಇದೇ ರೀತಿಯ ಕೆಲಸ ಮಾಡುವುದು "ಲೋ ಡೇಟಾ ಮೋಡ್". ಇಲ್ಲದಿದ್ದರೆ ಲ್ಯಾಪ್‌ಟಾಪ್ "ಆಹಾ, ವೈಫೈ ಸಿಕ್ಕಿತು" ಅಂತ ರಾತ್ರೋರಾತ್ರಿ ಅಪ್‌ಡೇಟ್ ಇಳಿಸುತ್ತದೆ, ಫೋಟೊ ಬ್ಯಾಕಪ್ ಶುರುವಾಗುತ್ತದೆ. ಬೆಳಗ್ಗೆ ಎದ್ದಾಗ ವಾರದ ಡೇಟಾ ಖಾಲಿ.

ಹೆಜ್ಜೆ 9: ಅಲ್ಲಿಗೆ ಹೋದ ಮೇಲೆ

ಡಬ್ಬಿಯನ್ನು ಬ್ಯಾಗಿನಲ್ಲಿ ಹೂತಿಡಬೇಡಿ. ಕಿಟಕಿಯ ಹತ್ತಿರ ಎತ್ತರದಲ್ಲಿಡಿ, ಬಿಸಿಲಿಗೆ ಮಾತ್ರ ಬೇಡ. ಕಡ್ಡಿಗಳನ್ನು ಪೂರ್ತಿ ನಂಬಬೇಡಿ, ಸೆಟ್ಟಿಂಗ್ಸ್ ಪುಟದಲ್ಲಿ ಆರ್‌ಎಸ್‌ಆರ್‌ಪಿ ಅನ್ನುವ ಸಿಗ್ನಲ್ ಬಲದ ಅಂಕಿ ನೋಡಿ. ಮೈನಸ್ 80 ಇದ್ದರೆ ಸೊಗಸು, ಮೈನಸ್ 100 ಅಂದರೆ ಹೇಗೋ ನಡೆಯುತ್ತದೆ, ಮೈನಸ್ 115 ದಾಟಿದರೆ ಬೇರೆ ಕಿಟಕಿ ಹುಡುಕಿ. ರೂಮಿನೊಳಗೇ ಐದಾರು ಹೆಜ್ಜೆ ಆಚೀಚೆ ಇಟ್ಟರೆ ಹತ್ತು ಅಂಕಿ ಬದಲಾಗುವುದುಂಟು.

ದಿನದ ಮಿತಿ ಇರುವ ಪ್ಲಾನ್ ಆದರೆ ಆ "ದಿನ" ಯಾವ ದೇಶದ ನಡುರಾತ್ರಿಗೆ ಬದಲಾಗುತ್ತದೆ ಅಂತ ತಿಳಿದುಕೊಳ್ಳಿ. ಮಧ್ಯಾಹ್ನ ಮೂರಕ್ಕೆ ಹೊಸ ದಿನ ಶುರುವಾಗುವ ಪ್ಲಾನ್ ಒಮ್ಮೆ ನನಗೆ ಸಿಕ್ಕಿತ್ತು. ಕೊನೆಗೆ ಮೀಟಿಂಗನ್ನೇ ಮೂರೂವರೆಗೆ ಹಾಕಿಕೊಂಡೆ.

ಹೊಸದಾಗಿ ಡಬ್ಬಿ ಕೊಂಡವರು ಬೈಯುವ ಇನ್ನೊಂದು ವಿಷಯ: ಹತ್ತು ನಿಮಿಷ ಬಳಸದಿದ್ದರೆ ಅದು ತಾನೇ ನಿದ್ದೆ ಹೋಗುತ್ತದೆ. ಅದು ಕೆಟ್ಟಿದ್ದಲ್ಲ, ಬ್ಯಾಟರಿ ಉಳಿಸುವ ಟೈಮರ್. ಕೇಬಲ್ ಮೇಲೆ ಇರುವಾಗ ಟೈಮರ್ ಆಫ್ ಮಾಡಿ, ಜೇಬಿನಲ್ಲಿರುವಾಗ ಆನ್ ಇರಲಿ.

ಮನೆಗೆ ಮರಳಿದ ಮೇಲೆ ಸಿಮ್ ತೆಗೆಯಿರಿ. ಬ್ಯಾಟರಿ ಅರ್ಧದಷ್ಟು ಇರುವಾಗ ಆಫ್ ಮಾಡಿ ತಂಪಾದ ಕಡೆ ಇಡಿ. ಪೂರ್ತಿ ತುಂಬಿಸಿಯೂ ಬೇಡ, ಪೂರ್ತಿ ಬರಿದು ಮಾಡಿಯೂ ಬೇಡ. ಮೂರು ತಿಂಗಳಿಗೊಮ್ಮೆ ತೆಗೆದು ಅರ್ಧಕ್ಕೆ ಚಾರ್ಜ್ ಮಾಡಿಟ್ಟರೆ ಮುಂದಿನ ಪ್ರಯಾಣಕ್ಕೂ ಅದೇ ಡಬ್ಬಿ ಆಗುತ್ತದೆ. ಹೋಗುವುದು ಬೇರೆ ದೇಶಕ್ಕಾದರೆ ನಾಲ್ಕನೇ ಹೆಜ್ಜೆಯ ಪಟ್ಟಿಯನ್ನು ಮಾತ್ರ ಹೊಸದಾಗಿ ತೆಗೆದು ನೋಡಬೇಕು.